ಗಾಣದ ಕಡಾಯಿಗೆ ಪಿಟಿ-100: ವೈರಿಂಗ್ ಮುಗೀತು, ಮೀಟರ್ ಓಡಾಕತ್ತೈತಿ

ಮಹಾಲಿಂಗಪುರದ ಹತ್ರ ನಮ್ಮ ಕಾಕಾರ ಬೆಲ್ಲದ ಗಾಣಕ್ಕ ಟೆಂಪರೇಚರ್ ಮೀಟರ್ ಕೂಡ್ಸೋ ಕೆಲಸ ಒಂದು ಹಂತಕ್ಕ ಬಂದೈತಿ. ಗಟ್ಟಿ ಬೆಲ್ಲಕ್ಕ ಪಾಕ ಸುಮಾರು 116-118 ಡಿಗ್ರಿಗೆ ಇಳಸ್ತಾರ, ಅಲ್ಲಿ ಎರಡು ಡಿಗ್ರಿ ಹೆಚ್ಚುಕಮ್ಮಿ ಆದ್ರ ಬೆಲ್ಲ ಮೆತ್ತಗಾಗ್ತೈತಿ ಇಲ್ಲಾ ತಳ ಹಿಡೀತೈತಿ, ಅದಕ್ಕ ಥರ್ಮೋಕಪಲ್ (ಎರಡು ಲೋಹದ ತಂತಿ ಕೂಡ್ಸಿ ಮಾಡಿದ ಸೆನ್ಸರ್) ಬಿಟ್ಟು ಸ್ಟೀಲ್ ಪ್ರೋಬಿನ ಪಿಟಿ-100 ತಗೊಂಡೆ, ಅಂದ್ರ ಬಿಸಿ ಏರಿದಂಗ ರೆಸಿಸ್ಟೆನ್ಸ್ (ಓಮ್ ಲೆಕ್ಕದಾಗ) ಏರೋ ಪ್ಲಾಟಿನಂ ಸೆನ್ಸರ್.

ಪ್ರೋಬಿಗೆ ಮೂರು ವೈರ್, ಎರಡು ಕೆಂಪು ಒಂದು ಬಿಳಿ. ಮಲ್ಟಿಮೀಟರ್ ಹಚ್ಚಿದ್ರ ಕೆಂಪು-ಕೆಂಪು ನಡುವ ಒಂದು ಓಮ್ ಒಳಗ, ಕೆಂಪು-ಬಿಳಿ ನಡುವ 111 ಚಿಲ್ಲರೆ. ಸೊನ್ನೆ ಡಿಗ್ರಿಗೆ 100 ಓಮ್, ಅಲ್ಲಿಂದ ಡಿಗ್ರಿಗೆ ಹೆಚ್ಚುಕಮ್ಮಿ 0.385 ಏರ್ತೈತಿ, ಅಂದ್ರ ರೂಮ್ ಸುಮಾರು 30 ಡಿಗ್ರಿ, ಸೆನ್ಸರ್ ಗಟ್ಟಿ ಐತಿ.

ಒಲಿ ಹೊಗಿ ಬಡೀಬಾರ್ದು ಅಂತ ಮೀಟರ್ ಹತ್ತು ಮೀಟರ್ ದೂರ ಗ್ವಾಡಿಗೆ ಹಾಕೀನಿ. ಮೊದ್ಲ ಬೇಕಂತನ ಎರಡ ವೈರ್ ಎಳದು, ಮೀಟರ್ ಕಡೆ ಎರಡು ಬಿ ಟರ್ಮಿನಲ್ (ಎರಡು ಕೆಂಪು ವೈರ್ ಹಚ್ಚೋ ಜಾಗ) ಶಾರ್ಟ್ ಮಾಡಿ ನೋಡಿದೆ. ಕುದಿಯೋ ನೀರಾಗ 100 ತೋರಿಸ್ತು. ಯಾರಾದ್ರೂ ಸೈ ಅಂತಾರ, ಆದ್ರ ಬಾಗಲಕೋಟಿ ಕಡೆ ಎತ್ತರ 500 ಮೀಟರ್ ಮ್ಯಾಲ, ಇಲ್ಲಿ ನೀರು 98 ಚಿಲ್ಲರೆಗೇ ಕುದೀತೈತಿ, ಹಂಗಾದ್ರ ಉಳಿದ ಎರಡು ಡಿಗ್ರಿ ಎಲ್ಲಿಂದ ಬಂತು? ವೈರಿಂದ. ಅರ್ಧ ಸ್ಕ್ವೇರ್ ಎಂಎಂ ತಾಮ್ರ ಹೋಗಿ ಬರೂದು ಸೇರಿ ಇಪ್ಪತ್ತು ಮೀಟರ್, ಮುಕ್ಕಾಲು ಓಮ್, ಲೆಕ್ಕ ಹಾಕ್ರಿ ಎರಡು ಡಿಗ್ರಿ ಆಗ್ತೈತಿ. ಪುಡಿ ಬರ್ಫು ನೀರಾಗ ಅದ್ದಿದ್ರ ಕಳ್ಳ ಸಿಗ್ತಾನ, ಅಲ್ಲಿ ಸೊನ್ನಿ ಬದಲಿ 1.9 ಬಂತು.

ಮೂರನೇ ವೈರ್ ಹಚ್ಚಿದ ಮ್ಯಾಲ ಬರ್ಫಿನಾಗ 0.1, ಕುದಿಯೋ ನೀರಾಗ 98.3. ಮೀಟರ್ ಒಂದು ವೈರಿನ ರೆಸಿಸ್ಟೆನ್ಸ್ ಅಳದು, ಇನ್ನೊಂದೂ ಅಷ್ಟ ಐತಿ ಅಂತ ನಂಬಿ ಕಳೀತೈತಿ, ಆ ನಂಬಿಕಿ ಉಳೀಬೇಕಂದ್ರ ಮೂರೂ ಒಂದ ಕೇಬಲ್ಲಿಂದು, ಒಂದ ದಪ್ಪ, ಒಂದ ಉದ್ದ ಇರ್ಬೇಕು, ನಡುವ ಬ್ಯಾರೆ ತುಂಡು ತಿರುವಿ ಟೇಪ್ ಸುತ್ತೂದು ಬ್ಯಾಡ್ರಿ. ಒಂದು ಸ್ಕ್ರೂ ಸಡ್ಲ ಆದ್ರೂ ಲೆಕ್ಕ ಕೆಡ್ತೈತಿ. ನಾಲ್ಕು ವೈರ್ ಹಾಕಿದ್ರ ಈ ತಲಿಬ್ಯಾನೀನ ಇಲ್ಲ, ಆದ್ರ ನಮ್ಮ ಮೀಟರಿಗೆ ನಾಲ್ಕನೇ ಟರ್ಮಿನಲ್ ಇಲ್ಲ, ಬೆಲ್ಲಕ್ಕ ಅಷ್ಟು ಬೇಕಾಗೂದೂ ಇಲ್ಲ ಬಿಡ್ರಿ.

ಗಾಣದ ಮೋಟಾರ್ ಚಾಲೂ ಆದ್ರ ರೀಡಿಂಗ್ ಕುಣೀತಿತ್ತು. ಶೀಲ್ಡ್ ಕೇಬಲ್ (ವೈರ್ ಸುತ್ತ ಲೋಹದ ಹೊದಿಕಿ ಇರೂದು) ಹಾಕಿ, ಶೀಲ್ಡ್ ಮೀಟರ್ ಕಡೆ ಅಷ್ಟ ಅರ್ಥ್ ಮಾಡಿ, ಮೋಟಾರ್ ಲೈನಿಂದ ದೂರ ಎಳದೆ, ನಿಂತೈತಿ.

ಕಾಕಾ ಇನ್ನೂ ಪಾಕದ ಹನಿ ತಣ್ಣೀರಿಗೆ ಬಿಟ್ಟು ಬೆರಳಾಗ ಉಂಡಿ ಕಟ್ಟೇ ಹದ ನೋಡ್ತಾರ. ಅವರು "ಇಳಸ್ರಿ" ಅಂದಾಗ ಮೀಟರ್ 116 ತೋರಸಾಕತ್ತಿತ್ತು. ಇಲ್ಲಿ ನೀರು ಕಮ್ಮಿಗೆ ಕುದಿಯೂದ್ರಿಂದ ಪುಸ್ತಕದ 118 ನಮಗ 116 ಅಂತ ಬರಕೊಂಡೀನಿ. ಮುಂದಿನ ಕೆಲಸ ಬಜರ್, ಅದೂ 114ಕ್ಕ, ಒಲಿ ತಣ್ಣಗ ಮಾಡಾಕ ಟೈಮ್ ಬೇಕಲ್ಲ.