ಮುರಿದ ಅಡಿಕೆ ಮರದ ಲೆಕ್ಕ

ಬದಿಯಡ್ಕದ ನಮ್ಮ ತೋಟದಲ್ಲಿ ಗಾಳಿಗೆ ಅಡಿಕೆ ಮರವೊಂದು ಮುರಿದು, ತುದಿ ನೆಲಕ್ಕೆ ತಾಗಿ ನಿಂತಿದೆ. "ಅಮ್ಮಾ, ಇದು ಲಂಬಕೋನ ತ್ರಿಭುಜ ಅಲ್ವಾ?" ಅಂದಳು ಮಗಳು. ಮರ ಎಷ್ಟು ಎತ್ತರದಲ್ಲಿ ಮುರಿದಿದೆ ಅಂತ ಅಲ್ಲೇ ಲೆಕ್ಕಕ್ಕೆ ಕೂತೆವು.

ಮರ 50 ಅಡಿ ಅಂತ ಇಟ್ಟುಕೊಂಡೆವು. ನೆಲದ ಮೇಲೆ ಬುಡದಿಂದ ತುದಿ ತಾಗಿದ ಜಾಗಕ್ಕೆ 30 ಅಡಿ. ನಿಂತ ಭಾಗ ಎಕ್ಸ್ ಆದರೆ, ಬಾಗಿದ ಭಾಗ 50ರಲ್ಲಿ ಎಕ್ಸ್ ಕಳೆದಷ್ಟು. ಅದೇ ಕರ್ಣ, ಅಂದರೆ ಲಂಬಕೋನದ ಎದುರಿನ ಬಾಹು. ಕರ್ಣದ ವರ್ಗ ಉಳಿದೆರಡು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ. ಹಾಗೆ ವರ್ಗ ಮಾಡಿ ಬರೆದರೆ ಎರಡೂ ಕಡೆಯ ಎಕ್ಸ್ ವರ್ಗ ಹೊಡೆದುಹೋಗುತ್ತದೆ! 100 ಎಕ್ಸ್ ಅಂದರೆ 1600. ಉತ್ತರ 16 ಅಡಿ.

ಹನ್ನೆರಡನೇ ಶತಮಾನದಲ್ಲೇ ಭಾಸ್ಕರಾಚಾರ್ಯರು ಮುರಿದ ಬಿದಿರಿನ ಮೇಲೆ ಇಂಥದೇ ಲೆಕ್ಕ ಕೊಟ್ಟಿದ್ದರು. ಅವರೂ ಯಾವುದೋ ತೋಟದಲ್ಲಿ ಹೀಗೇ ನಿಂತು ನೋಡಿರಬೇಕು ಅನ್ನಿಸಿತು. ನಾನು ಕಲಿಯುವಾಗ ಮೊದಲು ಚಿತ್ರ ಬಿಡಿಸು ಅಂತ ಯಾರೂ ಹೇಳಿರಲಿಲ್ಲ. ಮಗಳು ಈಗ ಟೇಪು ಹಿಡಿದು ಇನ್ನೊಂದು ಮರದ ಹತ್ತಿರ ಹೋಗಿದ್ದಾಳೆ.