ಮ್ಯೂಸಿಯಂನವರು ನಿಮಗೆ ಎಷ್ಟು ಕೊಡ್ತಾರೆ?

ಏನೂ ಕೊಡುವುದಿಲ್ಲ. ಸಂಬಳ ಇಲ್ಲ, ಗೌರವಧನ ಇಲ್ಲ, ಮೆಟ್ರೋ ಚಾರ್ಜು ಕೂಡ ನನ್ನದೇ. ಮದುವೆ ಪಂಕ್ತಿಯಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ತರಕಾರಿ ಅಂಗಡಿಯ ಮುಂದೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಈ ಬರಹ ಕಳಿಸಿ ಸುಮ್ಮನಾಗುತ್ತೇನೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ವಾರವೆಲ್ಲ ನಾನು ಒಂದು ಕಾಲೇಜಿನ ಲೆಕ್ಕಪತ್ರ ವಿಭಾಗದಲ್ಲಿರುತ್ತೇನೆ. ಶನಿವಾರ ಬೆಂಗಳೂರಿನ ಒಂದು ಕಲಾ ಸಂಗ್ರಹಾಲಯದಲ್ಲಿ ಸ್ವಯಂಸೇವಕಿ. ಬಂದವರಿಗೆ ದಾರಿ ತೋರಿಸುವುದು, ಬ್ಯಾಗು ಎಲ್ಲಿಡಬೇಕು ಹೇಳುವುದು, ಶಾಲೆಯ ಮಕ್ಕಳು ಬಂದರೆ ಕರೆದುಕೊಂಡು ಸುತ್ತುವುದು, ಕೇಳಿದ್ದಕ್ಕೆ ಗೊತ್ತಿದ್ದಷ್ಟು ಹೇಳುವುದು. ನನ್ನ ಹಾಗೆ ಇನ್ನೂ ಕೆಲವರಿದ್ದಾರೆ. ನಿವೃತ್ತ ಮೇಷ್ಟ್ರು, ಎಂಜಿನಿಯರಿಂಗ್ ಓದುತ್ತಿರುವ ಹುಡುಗಿಯರು, ರಾತ್ರಿ ಪಾಳಿ ಮುಗಿಸಿ ನೇರ ಬರುವ ಒಬ್ಬ ನರ್ಸ್.

ಪ್ರಶ್ನೆಯಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅದರ ಹಿಂದೆಯೇ ಬರುವ ಮಾತು ನನಗೆ ಸಿಟ್ಟು ತರಿಸುತ್ತದೆ. ‘ಏನೂ ಕೊಡಲ್ವಾ? ಹೋಗ್ಲಿ ಬಿಡಿ, ಹೊತ್ತು ಹೋಗುತ್ತಲ್ಲ.’ ಇಲ್ಲವೇ ‘ನಿಮಗೇನಮ್ಮಾ, ಮಕ್ಕಳು ದೊಡ್ಡವರಾದ್ರು.’ ಇದೇ ಜನ ಮಠದ ಸಂತರ್ಪಣೆಯಲ್ಲಿ ಸೆರಗು ಸಿಗಿಸಿಕೊಂಡು ಸಾರು ಬಡಿಸುತ್ತಾರೆ, ರಾಮನವಮಿಗೆ ಬೀದಿಯಲ್ಲಿ ನಿಂತು ಪಾನಕ ಕೊಡುತ್ತಾರೆ. ಅಲ್ಲಿ ಎಷ್ಟು ಕೊಟ್ಟರು ಅಂತ ಅವರನ್ನು ಯಾರೂ ಕೇಳುವುದಿಲ್ಲ. ಚಿತ್ರದ ಮುಂದೆ ನಿಂತವಳ ಹೊತ್ತು ಮಾತ್ರ ಅಷ್ಟು ಅಗ್ಗ ಯಾಕಾಯಿತು?

ಅಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಒಂದು ಮಧ್ಯಾಹ್ನದ ಕಥೆ ಹೇಳುತ್ತೇನೆ.

ತೊಗಲುಗೊಂಬೆ ಅಂದರೆ ಬೆಂಗಳೂರಿನ ಕಲಾಸಕ್ತರಿಗೆ ಮೊದಲು ನೆನಪಾಗುವುದು ಚಿತ್ರಕಲಾ ಪರಿಷತ್ತು, ಅದನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಅವರ ಸಂಗ್ರಹ. ನಮ್ಮಲ್ಲಿ ಇದ್ದದ್ದು ಕೆಲವೇ ಗೊಂಬೆಗಳು, ಒಂದು ಸಣ್ಣ ಕೋಣೆಯಲ್ಲಿ. ಬಂದವರೆಲ್ಲ ಬಾಗಿಲಲ್ಲೇ ‘ಕರೆಂಟ್ ಹೋಗಿದ್ಯಾ?’ ಅನ್ನುತ್ತಿದ್ದರು. ಹೋಗಿರಲಿಲ್ಲ. ತೊಗಲು, ಬಟ್ಟೆ, ಕಾಗದದ ಮೇಲಿನ ಬಣ್ಣಕ್ಕೆ ಬೆಳಕೇ ಶತ್ರು. ಬೆಳಕಿನ ಅಳತೆಯಲ್ಲಿ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತಾರೆ, ಯಾಕೆಂದರೆ ಒಮ್ಮೆ ಮಾಸಿದ ಬಣ್ಣ ವಾಪಸ್ ಬರುವುದಿಲ್ಲ. ಇಷ್ಟನ್ನು ಹೇಳಿದ ಮೇಲೆ ಜನ ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತಾರೆ, ಕಣ್ಣು ಹೊಂದಿಕೊಳ್ಳುತ್ತದೆ, ಆಮೇಲೆ ನೋಡಲು ಶುರು ಮಾಡುತ್ತಾರೆ. ಹೇಳುವವರಿಲ್ಲದ ದಿನ ಅರ್ಧ ಜನ ಹಾಗೇ ತಿರುಗಿ ಹೋಗುತ್ತಾರೆ.

ಅವತ್ತು ಮಗನ ಜೊತೆ ಒಬ್ಬ ಯಜಮಾನರು ಬಂದಿದ್ದರು, ಹೊಸದುರ್ಗದ ಕಡೆಯವರು. ಮಗ ಫೋನಿನಲ್ಲಿದ್ದ. ಇವರು ಮೂಲೆಯ ಗೊಂಬೆಯೊಂದರ ಮುಂದೆ ನಿಂತವರು ಕದಲಲೇ ಇಲ್ಲ. ಮೊಳದಷ್ಟು ಎತ್ತರದ ಹೆಂಗಸಿನ ಗೊಂಬೆ. ಅಂಚೆಲ್ಲ ಸುರುಟಿಕೊಂಡಿತ್ತು, ಕೆಂಪು ಬಣ್ಣ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಕೂದಲು ಕೆದರಿತ್ತು. ಕೆಳಗಿನ ಚೀಟಿಯಲ್ಲಿ ‘ಸ್ತ್ರೀ ಪಾತ್ರ, ರಾಮಾಯಣ’ ಅಂತ ಇತ್ತು.

‘ಇದನ್ನ ಬರೆದೋರು ಯಾರವ್ವಾ?’ ಅಂದರು.

‘ಯಾಕೆ ಯಜಮಾನ್ರೇ?’

‘ಇವ್ಳು ಬಂಗಾರಕ್ಕ ಕಣವ್ವಾ. ಕಿಳ್ಳೇಕ್ಯಾತನ ಹೆಂಡ್ತಿ. ರಾಣಿಯಾಗಿದ್ರೆ ಮೈ ತುಂಬ ಒಡವೆ ಕೊರೀತಿದ್ರು, ನೋಡು ಇಲ್ಲಿ, ಕೊರಳಲ್ಲಿ ಒಂದೇ ಸಾಲು ತೂತು.’

ಬಗ್ಗಿ ನೋಡಿದೆ. ಹೌದು. ಪಕ್ಕದ ಗೊಂಬೆಯ ಕಿರೀಟ, ತೋಳಬಂದಿ, ಸೀರೆಯ ಅಂಚಿನಲ್ಲೆಲ್ಲ ಸಣ್ಣ ಉಳಿಯಿಂದ ಹೊಡೆದ ತೂತುಗಳು ಒತ್ತೊತ್ತಾಗಿದ್ದವು. ಹಿಂದೆ ದೀಪ ಇಟ್ಟಾಗ ಪರದೆಯ ಮೇಲೆ ಒಡವೆಯಾಗಿ ಹೊಳೆಯುವುದು ಆ ತೂತುಗಳೇ. ಇವಳ ಕೊರಳಲ್ಲಿ ಒಂದು ಸಾಲು, ಅದೂ ಸೊಟ್ಟ. ಅಷ್ಟು ಕಾಲದಿಂದ ದಿನಾ ನೋಡುತ್ತಿದ್ದ ನಮ್ಮ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಆಮೇಲೆ ಅವರದೇ ಮಾತು. ಮಳೆ ಬಾರದ ವರ್ಷ ಊರವರು ಗೊಂಬೆಯವರನ್ನು ಕರೆಸುತ್ತಿದ್ದರಂತೆ. ಆಡಿಸಿದರೆ ಮಳೆ ಬರುತ್ತದೆ ಅನ್ನುವ ನಂಬಿಕೆ. ಬೆಳಗಿನ ತನಕ ಆಟ. ಗಣಪತಿಯ ಪೂಜೆ ಆದ ಮೇಲೆ ಕಿಳ್ಳೇಕ್ಯಾತ, ಬಂಗಾರಕ್ಕ ಇಬ್ಬರೂ ಬಂದು ಬೈದಾಡಿ ಊರನ್ನೇ ನಗಿಸುತ್ತಿದ್ದರು. ಯಾರು ಏನು ಬೈದರು ಅಂತ ಎರಡು ಸಾಲು ಹೇಳಿಯೂ ತೋರಿಸಿದರು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಶಾಲೆಯ ಮಕ್ಕಳ ಗುಂಪೊಂದು ಬಂದು ಸುತ್ತ ನಿಂತಿತು, ಮಗ ಫೋನ್ ಜೇಬಿಗಿಟ್ಟ.

ನಾನು ಎಲ್ಲವನ್ನೂ ನಮ್ಮ ಸ್ವಯಂಸೇವಕರ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ, ಪೆನ್ಸಿಲ್‌ನಲ್ಲಿ. ಗ್ಯಾಲರಿಯೊಳಗೆ ಪೆನ್ನಿಗೆ ಅವಕಾಶ ಇಲ್ಲ. ಸಂಜೆ ಸಂಗ್ರಹದ ಉಸ್ತುವಾರಿ ನೋಡುವ ಕ್ಯುರೇಟರ್ ಕೈಗೆ ಕೊಟ್ಟೆ. ಅವರು ಹಳೆಯ ದಾಖಲೆ ತೆಗೆಸಿದರು, ಗೊಂಬೆ ಕಲೆ ಬಲ್ಲವರನ್ನು ವಿಚಾರಿಸಿದರು. ತಡವಾದರೂ ಚೀಟಿ ಬದಲಾಯಿತು. ಈಗ ಅಲ್ಲಿ ಬಂಗಾರಕ್ಕ ಅಂತಲೇ ಇದೆ.

ನನ್ನನ್ನು ಕೇಳುವುದೇ ಆದರೆ ‘ಈ ವಾರ ಅಲ್ಲಿ ಯಾರು ಬಂದಿದ್ದರು, ಏನು ಹೇಳಿದರು?’ ಅಂತ ಕೇಳಿ. ಗಂಟೆಗಟ್ಟಲೆ ಹೇಳುತ್ತೇನೆ. ಸ್ವಯಂಸೇವಕರು ಅಂದರೆ ಬಾಯಿಪಾಠ ಒಪ್ಪಿಸುವವರು ಅಂತ ಜನ ತಿಳಿದಿದ್ದಾರೆ. ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಕೇಳಿಸಿಕೊಳ್ಳುವುದು. ಕಚೇರಿಯೊಳಗೆ ಕೂತವರಿಗೆ ಆ ಯಜಮಾನರು ಎಂದೂ ಸಿಗುತ್ತಿರಲಿಲ್ಲ. ಸೆಕ್ಯೂರಿಟಿಯವರಿಗೆ ಸಿಕ್ಕರೂ ಬರೆದುಕೊಳ್ಳಿ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ದುಡ್ಡಿನ ಪ್ರಶ್ನೆಯಲ್ಲಿ ನ್ಯಾಯವೇ ಇಲ್ಲ ಅಂತಲ್ಲ. ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ 1961ರಿಂದ ಸ್ವಯಂಸೇವಕರೇ ಮಕ್ಕಳಿಗೆ ಗ್ಯಾಲರಿ ತೋರಿಸುತ್ತಿದ್ದರು. 2021ರ ಸೆಪ್ಟೆಂಬರಿನಲ್ಲಿ ಒಂದು ಪತ್ರ ಬರೆದು ಆ ವ್ಯವಸ್ಥೆಯನ್ನೇ ನಿಲ್ಲಿಸಿದರು. ವರ್ಷಗಟ್ಟಲೆ ದುಡಿದವರಿಗೆ ಎರಡು ವರ್ಷದ ಉಚಿತ ಸದಸ್ಯತ್ವ ಕೊಡುತ್ತೇವೆ ಅಂದರು. ಪುಕ್ಕಟೆಯಾಗಿ ಸಮಯ ಕೊಡುವ ಶಕ್ತಿ ಇರುವುದು ಅನುಕೂಲಸ್ಥರಿಗೆ ಮಾತ್ರ, ಹಾಗಾಗಿ ಸಂಬಳ ಕೊಟ್ಟು ಎಲ್ಲ ಬಗೆಯ ಜನರನ್ನು ತರಬೇಕು ಅನ್ನುವುದು ಅದರ ಹಿಂದಿದ್ದ ವಾದ. ಕಳಿಸಿಕೊಟ್ಟ ರೀತಿ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ವಾದ ಮಾತ್ರ ಸರಿ. ನನಗೆ ಶನಿವಾರ ರಜೆ ಇದೆ, ಸಂಬಳ ಬರುತ್ತದೆ. ಹೊಸದುರ್ಗದಿಂದ ಬಂದು ಕ್ಯಾಬ್ ಓಡಿಸುವ ಆ ಮಗನಿಗೆ ಶನಿವಾರ ಬಿಟ್ಟರೆ ಅವತ್ತಿನ ದುಡಿಮೆ ಹೋಯಿತು. ಅವನು ನಮ್ಮ ಜೊತೆ ನಿಲ್ಲುವಂತಾಗಬೇಕಾದರೆ ಬಸ್ಸಿನ ಖರ್ಚು, ಊಟ, ದಿನಕ್ಕೆ ಇಷ್ಟು ಅಂತ ಕೊಡಲೇಬೇಕು. ಸಂಬಳದ ಕೆಲಸವನ್ನು ತೆಗೆದು ಆ ಜಾಗಕ್ಕೆ ನಮ್ಮನ್ನು ನಿಲ್ಲಿಸುವುದಂತೂ ಎಲ್ಲೂ ಆಗಬಾರದು.

ವರ್ಷಕ್ಕೊಮ್ಮೆ ಡಿಸೆಂಬರ್ 5ಕ್ಕೆ, ಸ್ವಯಂಸೇವಕರ ದಿನ ಅಂತ, ನಮಗೆಲ್ಲ ಶಾಲು ಹೊದಿಸಿ ಸ್ಮರಣಿಕೆ ಕೊಡುತ್ತಾರೆ. ಪ್ರೀತಿಯಿಂದ ಕೊಟ್ಟದ್ದು, ಬೇಡ ಅನ್ನಲಾರೆ. ಆದರೆ ನರ್ಸಮ್ಮನಿಗೆ ಬೇಕಾದದ್ದು ಗ್ಯಾಲರಿಯ ಮೂಲೆಯಲ್ಲಿ ಒಂದು ಕುರ್ಚಿ. ಮೇಷ್ಟ್ರಿಗೆ ಬೇಕಾದದ್ದು ಹೊಸ ಪ್ರದರ್ಶನದ ವಿವರ ಎರಡು ವಾರ ಮೊದಲೇ ಕೈಗೆ ಸಿಗುವುದು, ಅದೂ ಕನ್ನಡದಲ್ಲಿ. ನಮ್ಮ ಪುಸ್ತಕವನ್ನು ತಿಂಗಳಿಗೊಮ್ಮೆ ಯಾರಾದರೂ ಕೂತು ಓದಿದರೆ ಅದಕ್ಕಿಂತ ದೊಡ್ಡ ಸನ್ಮಾನ ನನಗೆ ಬೇರೆ ಇಲ್ಲ.

ಈಗ ಸನ್ನೆಭಾಷೆ ಬಲ್ಲ ಒಬ್ಬರಿಗಾಗಿ ಹುಡುಕುತ್ತಿದ್ದೇವೆ. ಕಿವಿ ಕೇಳದ ಮಕ್ಕಳು ಶಾಲೆಯಿಂದ ಬಂದಾಗ ಅವರ ಟೀಚರ್ ಒಬ್ಬರೇ ಎಲ್ಲವನ್ನೂ ಹೇಳಬೇಕಾಗುತ್ತದೆ, ಅವರಿಗೆ ಚಿತ್ರ ನೋಡಲು ಬಿಡುವೇ ಸಿಗುವುದಿಲ್ಲ. ನಿಮ್ಮ ಪರಿಚಯದವರು ಯಾರಾದರೂ ಇದ್ದರೆ ತಿಳಿಸಿ. ಚಿತ್ರಕಲೆಯ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ, ಅದನ್ನು ನಾವು ಹೇಳಿಕೊಡುತ್ತೇವೆ.