ಡಯಲ್ ಟೋನ್ ಇತ್ತು, ಇಂಟರ್ನೆಟ್ ಇರಲಿಲ್ಲ

ಸಾಗರದ ನಮ್ಮ ಮನೆಗೆ ದೂರವಾಣಿಯ ತಾಮ್ರದ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ಬರುತ್ತಿದ್ದ ಕಾಲದಲ್ಲಿ, ಆಷಾಢದ ಒಂದು ಬೆಳಿಗ್ಗೆ ಕಂಪ್ಯೂಟರಿನಲ್ಲಿ ಯಾವ ಪುಟವೂ ತೆರೆಯಲಿಲ್ಲ. ದೂರು ಕೊಡಲು ಕರೆ ಮಾಡಿದಾಗ ಆ ಕಡೆಯವರು, "ಮೋಡೆಮ್ ಆಫ್ ಮಾಡಿ ಆನ್ ಮಾಡಿ ಸಾರ್, ಆಗದಿದ್ದರೆ ವಿಂಡೋಸ್ ಮತ್ತೆ ಹಾಕಿಸಿ" ಎಂದರು. ಮೊದಲನೆಯದನ್ನು ಮಾಡಿ ನೋಡಿದೆ, ಫಲವಾಗಲಿಲ್ಲ. ಎರಡನೆಯದು ನೆಗಡಿ ಬಂತೆಂದು ಮೂಗು ಕೊಯ್ಯುವ ಸಲಹೆಯಾದ್ದರಿಂದ ಅದಕ್ಕೆ ಕೈಹಾಕಲಿಲ್ಲ.

ದೋಷ ಕಂಪ್ಯೂಟರಿನದೋ ಹೊರಗಿನ ತಂತಿಯದೋ ಎಂಬುದು ಮೊದಲು ತಿಳಿಯಬೇಕಿತ್ತು. ಬ್ರೌಸರಿನಲ್ಲಿ ಮೋಡೆಮಿನ ವಿಳಾಸವಾದ 192.168.1.1 ಎಂದು ಬರೆದೊಡನೆ ಮೋಡೆಮಿನ ಪುಟ ತೆರೆದುಕೊಂಡಿತು. ಅಂದರೆ ಕಂಪ್ಯೂಟರು, ಅದರ ನೆಟ್‌ವರ್ಕ್ ಕಾರ್ಡು ಮತ್ತು ಮೋಡೆಮಿನವರೆಗಿನ ಕೇಬಲ್ಲು ಸರಿಯಾಗಿವೆ ಎಂದಾಯಿತು. ಆದರೆ ಹೊರಗಿನ ಲೈನಿನ ಸಂಪರ್ಕ ತೋರಿಸುವ, ಒಂದೇ ಸಮನೆ ಉರಿಯಬೇಕಿದ್ದ ಡಿಎಸ್‌ಎಲ್ ದೀಪ ಮಿನುಗುತ್ತಲೇ ಇತ್ತು. ಅದು ಅಪರೂಪಕ್ಕೆ ನಿಂತ ಗಳಿಗೆಯಲ್ಲಿ ಮೋಡೆಮಿನ ಪುಟವನ್ನು ನೋಡಿದರೆ, ಸಂಕೇತಕ್ಕೂ ಸದ್ದಿಗೂ ಇರುವ ಅಂತರ ಸಂಪರ್ಕ ಉಳಿಯಲು ಬೇಕಾದ ಮಟ್ಟಕ್ಕಿಂತ ಎಷ್ಟು ಮೇಲಿದೆಯೆಂದು ಹೇಳುವ ಎಸ್‌ಎನ್‌ಆರ್ ಮಾರ್ಜಿನ್, ಸಾಮಾನ್ಯವಾಗಿ ಬೇಕಾಗುವ 6 ಡೆಸಿಬೆಲ್‌ಗಿಂತ ಬಹಳ ಕೆಳಗಿತ್ತು.

ಮಧ್ಯಾಹ್ನ ಬಂದ ಲೈನ್‌ಮನ್ ಫೋನೆತ್ತಿ ಕಿವಿಗಿಟ್ಟು, "ಡಯಲ್ ಟೋನ್ ಚೆನ್ನಾಗೇ ಇದೆಯಲ್ಲ ಸಾರ್, ಲೈನಿನದೇನೂ ತೊಂದರೆಯಿಲ್ಲ" ಎಂದರು. ಆದರೆ ನಮ್ಮ ಮಾತು ಸಾಗುವುದು 4 ಕಿಲೋಹರ್ಟ್ಸ್‌ನ ಒಳಗೆ. ಎಡಿಎಸ್‌ಎಲ್, ಅಂದರೆ ಫೋನಿನ ತಂತಿಯ ಬ್ರಾಡ್‌ಬ್ಯಾಂಡ್, ಅದೇ ತಂತಿಯಲ್ಲಿ ಸುಮಾರು 25 ಕಿಲೋಹರ್ಟ್ಸ್‌ನಿಂದ 1.1 ಮೆಗಾಹರ್ಟ್ಸ್‌ವರೆಗಿನ ಹರವನ್ನು ಬಳಸುತ್ತದೆ. ಮಾತಿಗೆ ಸಾಲುವ ತಂತಿ ಅದಕ್ಕೂ ಸಾಲಬೇಕೆಂದೇನಿಲ್ಲ. ವಾದ ಬೆಳೆಸುವ ಬದಲು, ತಂತಿ ಮನೆಯೊಳಗೆ ಬರುವ ಜಗಲಿಯ ಡಬ್ಬಿಯಲ್ಲಿ ಒಳಗಿನ ತಂತಿಗಳನ್ನೆಲ್ಲ ಬಿಡಿಸಿ ಮೋಡೆಮನ್ನು ನೇರವಾಗಿ ಅಲ್ಲಿಗೇ ಸಿಕ್ಕಿಸೋಣವೆಂದು ಕೇಳಿಕೊಂಡೆ. ಅವರು ಒಪ್ಪಿದರು, ಸ್ವಲ್ಪ ಹೊತ್ತಿನಲ್ಲೇ ದೀಪ ಸ್ಥಿರವಾಗಿ ನಿಂತಿತು. ಬೀದಿಯ ಲೈನು ಸರಿಯೆಂಬ ಅವರ ಮಾತು ನಿಜವೇ ಆಗಿತ್ತು, ಕೆಟ್ಟಿದ್ದುದು ಮನೆಯೊಳಗಿನ ಭಾಗ.

ಅಡುಗೆಮನೆಯ ಎರಡನೆಯ ಫೋನಿಗಾಗಿ ಎಂದೋ ಎಳೆದಿದ್ದ ತಂತಿಯ ಜೋಡಣೆಯೊಂದು ಸೂರಿನಡಿಯಲ್ಲಿತ್ತು. ಟೇಪು ಬಿಚ್ಚಿದಾಗ ಒಳಗೆ ನೀರಿಳಿದು ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು; ಸಾಲದ್ದಕ್ಕೆ ಮಾತನ್ನೂ ಇಂಟರ್ನೆಟ್ಟನ್ನೂ ಬೇರ್ಪಡಿಸುವ ಸ್ಪ್ಲಿಟರ್ ಕೂಡ ಆ ಫೋನಿಗೆ ಇರಲಿಲ್ಲ.

ಲೈನ್‌ಮನ್ ಸ್ಪ್ಲಿಟರನ್ನು ಜಗಲಿಯ ಡಬ್ಬಿಗೇ ತಂದು ಕೂರಿಸಿ, ಅಲ್ಲಿಂದ ಮೋಡೆಮಿಗೆ ಬೇರೆ ತಂತಿ ಎಳೆದರು. ಹಳೆಯ ಫೋನುಗಳೆಲ್ಲ ಅದರ ಇನ್ನೊಂದು ಬಾಯಿಗೆ ಸೇರಿದ್ದರಿಂದ, ಆ ಕಡೆ ಮತ್ತೆ ನೀರಿಳಿದರೂ ಗೊರಗೊರ ಸದ್ದು ಬಹುಮಟ್ಟಿಗೆ ಫೋನಿನಲ್ಲಷ್ಟೇ ಕೇಳಬೇಕು.